ಮಹಡಿಯ ಮೇಲಣ ಕಾಯಿಪಲ್ಯ

ಭದ್ರಾ ನಾಲೆಯ ನೀರಿನಿಂದ ಭತ್ತದ ಸೀಮೆಯೆನಿಸಿದ ದಾವಣಗೆರೆ, ಹರಿಹರಗಳ ಸುತ್ತಣ ಎರೆಮಣ್ಣು ಫಲವತ್ತಾದುದು ನಿಜ. ಆದರೆ ಬೇಸಗೆಯಲ್ಲಿ ಬಿರಿದು ಬಾಯ್ಬಿಡುವ, ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಬೇರಿಗೆ ಉಸಿರಾಡಲು ಎಡೆಗೊಡದ ಆ ಮಣ್ಣನ್ನೇ ಕುಂಡಕ್ಕೆ ತುಂಬಿ, ಗಿಡ ಬಾಡಿತೆಂದು ಮರುಗುವ ಗೃಹಸ್ಥರು ಅನೇಕರಿದ್ದಾರೆ.

ಇದಕ್ಕೆ ಉಪಾಯವು ಈ ಊರುಗಳಲ್ಲಿಯೇ ಇದೆ. ಎರಡು ಪಾಲು ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ, ಅಕ್ಕಿ ಗಿರಣಿಯ ಭತ್ತದ ಹೊಟ್ಟನ್ನೂ ಒಂದೊಂದು ಪಾಲು ಬೆರೆಸಿ, ಕುಂಡದ ತಳದ ರಂಧ್ರದ ಮೇಲೆ ಹೆಂಚಿನ ಚೂರೊಂದನ್ನು ಓರೆಯಾಗಿಟ್ಟು ತುಂಬಿದರೆ, ನೀರು ನಿಲ್ಲದೆ, ತೇವವೂ ಬೇಗನೆ ಆರದೆ, ಬೇರು ಸ್ವೇಚ್ಛೆಯಿಂದ ಹರಡುವುದು. ಮಂಡಕ್ಕಿ ಭಟ್ಟಿಗಳ ಬೂದಿಯನ್ನೂ ಕೆಲವರು ತರುವುದುಂಟು. ಅದು ಕ್ಷಾರಗುಣವುಳ್ಳದ್ದಾದುದರಿಂದ ಹಿಡಿಯಷ್ಟೇ ಸಾಕು.

ಹಿತ್ತಿಲುಳ್ಳವರು ಗೇಣೆತ್ತರದ ಏರುಮಡಿಯನ್ನು ಕಟ್ಟಿಕೊಳ್ಳುವುದು ಲೇಸು. ಅದರ ಅಗಲವು 4 ಅಡಿಯನ್ನು ಮೀರಬಾರದು. ಎರಡು ಬದಿಯಿಂದಲೂ ಕೈಗೆ ನಿಲುಕುವ ಮಡಿಯೊಳಕ್ಕೆ ಯಾರೂ ಕಾಲಿಡಬೇಕಾಗಿಲ್ಲ, ತುಳಿತಕ್ಕೆ ಸಿಲುಕದ ಮಣ್ಣು ಹುಡಿಯಾಗಿಯೇ ಉಳಿಯುತ್ತದೆ.

ಮೊದಲಿಗೆ ಬೆಳೆಯತಕ್ಕವು ಮೆಂತ್ಯ, ಹರಿವೆ. ಅನಂತರ ಮೆಣಸು, ಬದನೆ. ಬೆಂಡೆಯ ಹಳದಿ ನಂಜುರೋಗವನ್ನು ತಡೆಯಲೆಂದೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ‘ಅರ್ಕಾ ಅನಾಮಿಕ’ ತಳಿಯೂ ಉಂಟು. ವಿಷದ ಸಿಂಪರಣೆಯಿಲ್ಲದೆ ಬೆಳೆದ ಸೊಪ್ಪನ್ನು ಮಕ್ಕಳಿಗೆ ಬಡಿಸುವ ನೆಮ್ಮದಿಯು, ನನ್ನ ಎಣಿಕೆಯಲ್ಲಿ, ಈ ಶ್ರಮಕ್ಕೆ ತಕ್ಕ ಪ್ರತಿಫಲ.

ಸಂದೇಹ ಬಂದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ವಿಚಾರಿಸಿರಿ. ಮುಂಗಾರು ಇಳಿಯುವುದಕ್ಕೆ ಮುನ್ನ ಒಂದು ಕುಂಡವನ್ನಾದರೂ ಅಣಿಗೊಳಿಸಿರಿ.