ಕೇಳಿದರೆ ಸಾಲದು, ಮಾರಿ ನೋಡಬೇಕು

(ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ಡೇರಿಗೆ ಹಾಲು ಹಾಕಿ ಬಂದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಮಾರಾಟವಾಗದೆ ಮರಳಿದ ಮೊಸರಿನ ನಷ್ಟ ಒಕ್ಕೂಟದ ಲೆಕ್ಕಕ್ಕೆ ಬಂದು, ಕೊನೆಗೆ ನಮ್ಮ ಹಾಲಿನ ದರಕ್ಕೇ ತಟ್ಟುತ್ತದೆ. ಗ್ರಾಹಕರಿಗೆ ಏನು ಬೇಕೆಂಬುದು ನಮ್ಮದೇ ಪ್ರಶ್ನೆ.

ರೊಟ್ಟಿಯ ಮೇಲೆ ನಿಲ್ಲದ ಮೊಸರನ್ನು ನಮ್ಮವರು ಮಜ್ಜಿಗೆ ಎನ್ನುತ್ತಾರೆ. ಹಾಗಾಗಿ "ಗಟ್ಟಿ ಮೊಸರು ಬೇಕೇ?" ಎಂದು ಕೇಳಿದರೆ ಬೇಡ ಎನ್ನುವವರು ಯಾರು? ರೊಕ್ಕ ಕೊಟ್ಟು ಕೊಂಡು, ಮರುವಾರವೂ ಅದನ್ನೇ ಕೇಳಿ ಒಯ್ಯುವವರೆಷ್ಟು ಎಂಬುದು ಮಾರಿ ನೋಡಿದಾಗಲೇ ತಿಳಿಯುತ್ತದೆ.

2024ರ ಜೂನ್ 26ರಿಂದ ಕರ್ನಾಟಕ ಹಾಲು ಮಹಾಮಂಡಳಿ ನಂದಿನಿ ಹಾಲಿನ ಪ್ರತಿ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ತುಂಬಿ, 2 ರೂಪಾಯಿ ಏರಿಸಿತು. 2025ರ ಏಪ್ರಿಲ್ 1ರಿಂದ ಆ 50 ಮಿ.ಲೀ. ಹೋಯಿತು, ಲೀಟರಿಗೆ 4 ರೂಪಾಯಿ ಏರಿತು. ಹೆಚ್ಚಾಗಿ ಬರುತ್ತಿದ್ದ ಹಾಲನ್ನು ಮಾರಲು ಅದೊಂದು ದಾರಿ, ತಪ್ಪೆನ್ನಲಾರೆ. ಆದರೆ ಅಳತೆ, ಬೆಲೆ ಎರಡೂ ಒಟ್ಟಿಗೇ ಬದಲಾದವು. ಆರಿಸಿಕೊಳ್ಳಲು ಹಳೆಯ ಅಳತೆಯ ಪ್ಯಾಕೆಟ್ ಪಕ್ಕದಲ್ಲಿರಲಿಲ್ಲ. ಆ 50 ಮಿ.ಲೀ. ಗ್ರಾಹಕರಿಗೆ ಬೇಕಿತ್ತೇ ಎಂಬುದಕ್ಕೆ ಅದರಿಂದ ಉತ್ತರ ಸಿಗದು. ಅದೇ 2024ರ ಡಿಸೆಂಬರಿನಲ್ಲಿ ನಂದಿನಿ ಇಡ್ಲಿ-ದೋಸೆ ಹಿಟ್ಟನ್ನು ಮೊದಲು ಬೆಂಗಳೂರಿನಲ್ಲಷ್ಟೇ, 450 ಮತ್ತು 900 ಗ್ರಾಂ ಎರಡು ಅಳತೆಯಲ್ಲಿ ತಂದರು. ಈ ಕ್ರಮ ನನಗೆ ಹೆಚ್ಚು ಸರಿಯೆನಿಸುತ್ತದೆ.

ನಮ್ಮಲ್ಲೂ ಇದು ಸಾಧ್ಯ. ಎರಡು ವಾರ ರೋಣದಲ್ಲಿ ಗಟ್ಟಿ ಮೊಸರು, ನರಗುಂದದಲ್ಲಿ ಈಗಿನದೇ ಮೊಸರು ಮಾರೋಣ. ಆಮೇಲೆ ಎರಡೂ ಊರಲ್ಲಿ ಅದಲುಬದಲು ಮಾಡೋಣ. ವ್ಯತ್ಯಾಸ ಊರಿನದೋ ಮೊಸರಿನದೋ ಆಗ ಗೊತ್ತಾಗುತ್ತದೆ. ಜಾತ್ರೆ, ಮದುವೆಗಳ ವಾರ ಬೇಡ. ಆಗ ಏನು ಕೊಟ್ಟರೂ ಖರ್ಚಾಗುತ್ತದೆ! ಬೆಲೆ ಮೊದಲು ಒಂದೇ ಇರಲಿ. ಗಟ್ಟಿ ಮೊಸರಿಗೆ ಗಿರಾಕಿ ನಿಂತರೆ, ಆಮೇಲೆ ಎರಡು ರೂಪಾಯಿ ಹೆಚ್ಚಿಸಿ ನೋಡಬಹುದು. ಅಂಗಡಿಯವರ ಕಮಿಷನ್ ಕೂಡ ಎರಡಕ್ಕೂ ಸಮನಾಗಿರಬೇಕು, ಇಲ್ಲವಾದರೆ ಲಾಭ ಹೆಚ್ಚಿದ್ದನ್ನೇ ಮುಂದಿಡುತ್ತಾರೆ. ಗಜೇಂದ್ರಗಡದಲ್ಲಿ ಸಣ್ಣ ಪ್ಯಾಕೆಟ್ಟಿನ ಪರೀಕ್ಷೆ ಬೇರೆಯಾಗಿ ನಡೆಯಲಿ, ಎರಡನ್ನೂ ಬೆರೆಸಬಾರದು.

ಎಷ್ಟು ಕಳಿಸಿದೆವು ಎಂಬ ಲೆಕ್ಕ ಸಾಲದು. ವಾಹನದವರು ಮರಳಿ ತರುವ ಪ್ಯಾಕೆಟ್ಟುಗಳನ್ನು ಊರುವಾರು, ದಿನವಾರು ಬರೆದಿಟ್ಟು, ಆ ಪಟ್ಟಿಯನ್ನು ಮುಂದಿನ ಸಭೆಯಲ್ಲಿ ಸದಸ್ಯರ ಮುಂದಿಡಬೇಕೆಂದು ಒಕ್ಕೂಟವನ್ನು ಕೋರುತ್ತೇನೆ.