ಕಾಲ್ಚೆಂಡಿನ ಉಪಾಧ್ಯಾಯ: ಸೈಯದ್ ಅಬ್ದುಲ್ ರಹೀಮ್
(ವಾರ್ಷಿಕೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳ ಈ ಸಭೆಯಲ್ಲಿ ಕಾಲ್ಚೆಂಡಿನ ಮಾತೇಕೆಂದು ಕೆಲವರಿಗೆ ತೋರಬಹುದು. ನಾನು ಹೇಳಹೊರಟಿರುವುದು ಒಬ್ಬ ಶಾಲಾ ಉಪಾಧ್ಯಾಯರ ವಿಷಯ.

ಸೈಯದ್ ಅಬ್ದುಲ್ ರಹೀಮರು 1909ರಲ್ಲಿ ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ, ಅದರ ತಂಡದಲ್ಲಿ ಆಡಿದರು. ಆ ಕಾಲದಲ್ಲಿ ಅಲ್ಲಿ ಉನ್ನತ ಶಿಕ್ಷಣವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಆ ರಾಜ್ಯದ ಕನ್ನಡಿಗರಿಗೂ ತೆಲುಗರಿಗೂ ಅದರಿಂದಾದ ಕಷ್ಟ ಬೇರೆ. ಆ ಮಾತು ಇನ್ನೊಂದು ಸಂದರ್ಭಕ್ಕಿರಲಿ. ಪದವಿ ಪಡೆದ ರಹೀಮರು ಶಾಲೆಯಲ್ಲಿ ಪಾಠ ಹೇಳಿದರು. ಮುಂದೆ ಹೈದರಾಬಾದ್ ನಗರ ಪೊಲೀಸ್ ತಂಡವನ್ನು ತಿದ್ದುವ ಹೊಣೆ ಅವರಿಗೆ ಬಂದಿತು. ಆ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಐದು ವರ್ಷವೂ ಬಿಡದೆ ಗೆದ್ದಿತು.

ಅವರ ಪಾಠಕ್ರಮ ಸರಳವಾದುದು. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಚಮತ್ಕಾರ ತೋರಿಸುವುದು ಅವರಿಗೆ ಹಿಡಿಸದು. ಬಂದ ಚೆಂಡು ಕೂಡಲೇ ಜೊತೆಗಾರನಿಗೆ ಸಾಗಬೇಕು. ಬಲಗಾಲಿನ ಆಟಗಾರನಿಂದ ಎಡಗಾಲಿನಲ್ಲಿಯೇ ಆಡಿಸುತ್ತಿದ್ದರು. ತಿಳಿಯದ ಅಕ್ಷರವನ್ನೇ ಮತ್ತೆ ಮತ್ತೆ ತಿದ್ದಿಸುವ ನಮ್ಮ ಮೇಷ್ಟರುಗಳ ರೀತಿಯೇ ಅದು.

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡಕ್ಕೆ ಚಿನ್ನ ಬಂದಿತು. ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಇಂಥ ಸೋಲಿನ ಬಳಿಕ ತರಬೇತುಗಾರನನ್ನು ದೂರುವುದು ಲೋಕರೂಢಿ. ರಹೀಮರಾದರೋ ಬೂಟು ತೊಟ್ಟ ತಂಡವೊಂದನ್ನು ಕಟ್ಟತೊಡಗಿದರು. 1956ರಲ್ಲಿ ಮೆಲ್ಬೋರ್ನಿನಲ್ಲಿ ಅದೇ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಉಪಾಂತ್ಯದಲ್ಲಿ ಪುನಃ ಯುಗೋಸ್ಲಾವಿಯ! ಮೊದಲ ಗೋಲು ನಮ್ಮದೇ ಆದರೂ ಕೊನೆಗೆ 4–1ರ ಸೋಲು. ಆದರೂ ನಾಲ್ಕನೆಯ ಸ್ಥಾನ ದೊರೆಯಿತು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತ ಅದಕ್ಕಿಂತ ಮೇಲೆ ಇಂದಿಗೂ ಏರಿಲ್ಲ. ಮೈಸೂರಿನ ಕಡೆಯ ಕೆಂಪಯ್ಯನವರೂ ಆ ತಂಡದಲ್ಲಿದ್ದರೆಂಬುದು ನಮಗೆ ಅಭಿಮಾನದ ವಿಷಯ.

1962ರ ಜಕಾರ್ತ ಕೂಟದ ವೇಳೆಗೆ ರಹೀಮರ ಶ್ವಾಸಕೋಶಕ್ಕೆ ಅರ್ಬುದರೋಗ ತಗುಲಿತ್ತು. ಇಸ್ರೇಲ್, ತೈವಾನ್‌ಗಳನ್ನು ಕೂಟಕ್ಕೆ ಸೇರಿಸದುದನ್ನು ಭಾರತದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿನ ಜನ ನಮ್ಮ ಮೇಲೆ ಕುಪಿತರಾಗಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಕ್ಕೆ 2–0ರಿಂದ ಸೋತೆವು. ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತು. ರಹೀಮರು ಅವರನ್ನು ಕೈಬಿಡದೆ, ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದು ನಿಲ್ಲಿಸಿದರು. ಎಷ್ಟು ಧೈರ್ಯದ ತೀರ್ಮಾನ, ನೋಡಿ! ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಅದೇ ಕೊರಿಯದ ವಿರುದ್ಧ ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲರು ಇನ್ನೊಂದು ಗೋಲು ಹೊಡೆದರು. ಪ್ರೇಕ್ಷಕರ ಕೂಗಾಟದ ನಡುವೆ 2–1ರಿಂದ ಚಿನ್ನ ನಮ್ಮದಾಯಿತು.

ರಹೀಮರು 1963ರ ಜೂನ್ 11ರಂದು ತೀರಿಕೊಂಡರು. ಏಷ್ಯನ್ ಕೂಟದ ಕಾಲ್ಚೆಂಡಿನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.