ಬಿಳಿ ಬೆಳಕಿನ ಬಯಕೆ ಮತ್ತು ಕಾಡಂಚಿನ ರಾತ್ರಿ

(ಹ್ಯಾಂಡ್‌ಪೋಸ್ಟ್‌ನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಕವಲುದಾರಿಯಲ್ಲಿ ನಿಂತು, ಯಾವ ಹಾದಿ ಯಾವ ಊರಿಗೆಂದು ಕೈಚಾಚಿ ತೋರುವ ಕಂಬಕ್ಕೆ ಇಂಗ್ಲಿಷಿನವರು ಹ್ಯಾಂಡ್‌ಪೋಸ್ಟ್ ಎಂದರು, ಕನ್ನಡಿಗರು ಕೈಮರವೆಂದರು. ಮಲೆನಾಡಿನಲ್ಲಿ ಕೈಮರವೆಂಬ ಹೆಸರಿನ ಊರೇ ಇದೆ. ಹೆಗ್ಗಡದೇವನಕೋಟೆಯ ಮಗ್ಗುಲಿನ ಈ ಊರು ಮಾತ್ರ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡಿದೆ. ಮೈಸೂರಿನಿಂದ ಬಂದ ಹಾದಿ ಇಲ್ಲಿ ಕೋಟೆಯ ಕಡೆಗೂ ಸರಗೂರಿನ ಕಡೆಗೂ ಕವಲೊಡೆಯುತ್ತದೆ. ಮಾನಂದವಾಡಿಗೆ ಹೋಗುವವರು ಅಂತರಸಂತೆಯನ್ನು ದಾಟಿ, ನಾಗರಹೊಳೆಯ ಕಾಡನ್ನು ಹೊಕ್ಕು, ಬಾವಲಿಯಲ್ಲಿ ಕೇರಳದ ಗಡಿಯನ್ನು ಸೇರುತ್ತಾರೆ. ಊರು, ಹೊಲ, ಹಾಡಿ, ಕಾಡು ಇವೆಲ್ಲವೂ ಒಂದಕ್ಕೊಂದು ತಾಗಿಕೊಂಡಿರುವ ಸೀಮೆಯಿದು.

ಇಂದಿನ ವಿಷಯವು ಮೇಲುನೋಟಕ್ಕೆ ಬಲು ಚಿಕ್ಕದು: ಕಾರಿನ ಹೆಡ್‌ಲೈಟಿನ ಬಲ್ಬು. ಹಳೆಯ ಹಳದಿ ಬಲ್ಬನ್ನು ಕಿತ್ತು, ಹಾಲಿನಂತೆ ಬೆಳ್ಳಗಿನ ಬೆಳಕು ಚೆಲ್ಲುವ ಬಲ್ಬನ್ನು ಹಾಕಿಸುವ ಹವ್ಯಾಸವು ಪೇಟೆಯಿಂದ ಹಳ್ಳಿಗೂ ಹಬ್ಬಿದೆ. ಇದನ್ನು ಕೇವಲ ಯುವಕರ ಷೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬೀದಿದೀಪವಿಲ್ಲದ ರಸ್ತೆಯಲ್ಲಿ, ದೀಪವಿಲ್ಲದ ಎತ್ತಿನ ಗಾಡಿ, ಕಪ್ಪು ಕಂಬಳಿ ಹೊದ್ದು ನಡೆಯುವ ಮುದುಕ, ಹೊಲದಿಂದ ಹಠಾತ್ತನೆ ರಸ್ತೆಗೆ ಇಳಿಯುವ ಕಾಡುಹಂದಿ ಇವನ್ನು ಕಾಣಬೇಕೆಂಬುದು ಚಾಲಕನ ನಿಜವಾದ ಅಗತ್ಯ. ಆ ಅಗತ್ಯವನ್ನು ಬಿಳಿ ಬಲ್ಬು ಪೂರೈಸುವುದೇ, ಪೂರೈಸಿದರೆ ಅದರ ಬೆಲೆಯನ್ನು ತೆರುವವರು ಯಾರು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಬಣ್ಣ ಬೇರೆ, ಬೆಳಕು ಬೇರೆ

ಬಲ್ಬಿನ ಡಬ್ಬಿಯ ಮೇಲೆ 4300 ಕೆ, 6000 ಕೆ, 8000 ಕೆ ಎಂದು ಅಚ್ಚಾಗಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಹೆಚ್ಚೆಂದು ಕೊಳ್ಳುವವರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಕೆ ಎಂದರೆ ಕೆಲ್ವಿನ್. ಅದು ಬೆಳಕಿನ ಬಣ್ಣದ ಅಳತೆ, ಪ್ರಮಾಣದ ಅಳತೆಯಲ್ಲ. ಮೇಣದ ಬತ್ತಿಯ ಕೆಂಪು ಹಳದಿ ಬೆಳಕು ಸುಮಾರು 1900 ಕೆಲ್ವಿನ್, ಕಾರಿನ ಸಾಧಾರಣ ಹ್ಯಾಲೊಜೆನ್ ಬಲ್ಬಿನದು ಸುಮಾರು 3200, ನಡುಹಗಲಿನ ಬಿಸಿಲು ಸುಮಾರು 5500. ಅದಕ್ಕೂ ಮೇಲೇರಿದರೆ ಬೆಳಕು ನೀಲಿಗೆ ತಿರುಗುತ್ತದೆ. ಬೆಳಕಿನ ಪ್ರಮಾಣವನ್ನು ಹೇಳುವುದು ಲ್ಯೂಮೆನ್. ಹೆಚ್ಚಿನ ಹಳೆಯ ಕಾರುಗಳಲ್ಲಿರುವ ಎಚ್4 ಬಲ್ಬು ಹೈ ಬೀಮ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್ ವಿದ್ಯುತ್ತನ್ನು ಬಳಸಿ, ಕ್ರಮವಾಗಿ ಸುಮಾರು 1650 ಮತ್ತು 1000 ಲ್ಯೂಮೆನ್ ಬೆಳಕನ್ನು ಕೊಡುತ್ತದೆ.

ಅಗ್ಗದ ‘ಬಿಳಿ’ ಹ್ಯಾಲೊಜೆನ್ ಬಲ್ಬಿನ ಒಳಗುಟ್ಟು ಸರಳವಾದುದು. ಅದರ ಗಾಜಿಗೆ ನೀಲಿ ಲೇಪನವಿರುತ್ತದೆ. ಲೇಪನವು ಕೆಂಪು, ಹಳದಿ ಕಿರಣಗಳಲ್ಲಿ ಒಂದಂಶವನ್ನು ತಡೆದು, ಉಳಿದುದನ್ನು ಹೊರಬಿಡುತ್ತದೆ. ಎಂದರೆ ಬೆಳಕು ಬೆಳ್ಳಗಾಗುವುದು ಏನನ್ನೋ ಸೇರಿಸಿದ್ದರಿಂದಲ್ಲ, ಕಳೆದುದರಿಂದ. ಈ ನಷ್ಟವನ್ನು ತುಂಬಲು ತಂತಿಯನ್ನು ಹೆಚ್ಚು ಕಾಯಿಸಿದರೆ ಬಲ್ಬಿನ ಆಯುಸ್ಸು ಕುಗ್ಗುತ್ತದೆ. ಹಣ ಕೊಟ್ಟು ಕಡಿಮೆ ಬೆಳಕನ್ನು ತಂದುಕೊಂಡಂತಾಯಿತು. ಕಣ್ಣಿಗೆ ಮಾತ್ರ ಹೊಸತೆಂಬ ಭ್ರಮೆ.

ಇನ್ನು ಕೆಲವರು 100/90 ವ್ಯಾಟ್ ಬಲ್ಬನ್ನು ಹಾಕಿಸುತ್ತಾರೆ. 12 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬು 5 ಆಂಪಿಯರ್ ವಿದ್ಯುತ್ತನ್ನು ಎಳೆದರೆ, 100 ವ್ಯಾಟಿನದು 8ಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ತಾಳಲಾರದೆ ಹೋಲ್ಡರ್ ಕರಗುತ್ತದೆ, ವೈರು ಬಿಸಿಯೇರುತ್ತದೆ, ಪ್ರತಿಫಲಕದ ಹೊಳಪು ಸುಟ್ಟು ಮಾಸುತ್ತದೆ. ಬೆಂಕಿ ಹತ್ತುವ ಅಪಾಯವೂ ಇಲ್ಲದಿಲ್ಲ.

ಎಲ್‌ಇಡಿ ಬಲ್ಬು ಎಲ್ಲಿ ತಪ್ಪುತ್ತದೆ

ಎಲ್‌ಇಡಿ ಬಲ್ಬು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುವುದೆಂಬುದು ನಿಜ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಂದಿಗೆ ಬರುವ ಕಾರುಗಳಲ್ಲಿ ಅದಕ್ಕೆಂದೇ ರೂಪಿಸಿದ ಮಸೂರವಿರುತ್ತದೆ. ಸರಿಯಾಗಿ ಹೊಂದಿಸಿದ್ದರೆ ಅಂತಹ ದೀಪವು ಉತ್ತಮವಾದುದೇ. ತೊಂದರೆ ಬರುವುದು ಹ್ಯಾಲೊಜೆನ್ ಬಲ್ಬಿಗಾಗಿ ಕಟ್ಟಿದ ಮನೆಯಲ್ಲಿ ಎಲ್‌ಇಡಿಯನ್ನು ಕೂರಿಸಿದಾಗ.

ಎಚ್4 ಬಲ್ಬಿನೊಳಗೆ ಎರಡು ತಂತಿಗಳಿವೆ. ಡಿಮ್ ತಂತಿಯ ಕೆಳಗೆ ದೋಣಿಯಾಕಾರದ ಚಿಕ್ಕದೊಂದು ಲೋಹದ ತಗಡು ಇದೆ. ಕೆಳಮುಖವಾಗಿ ಹೋಗುವ ಬೆಳಕನ್ನು ಆ ತಗಡು ತಡೆಯುವುದರಿಂದಲೇ, ಎದುರಿನವರ ಕಣ್ಣಿಗೆ ಹೊಡೆಯದಂತೆ ಬೆಳಕಿಗೆ ಮೇಲುಗಡೆ ಒಂದು ಗೆರೆ ಬೀಳುತ್ತದೆ. ಭಾರತದಲ್ಲಿ ವಾಹನಗಳು ಎಡಕ್ಕೆ ಸಾಗುವುದರಿಂದ, ಬೆಳಕು ಎಡಬದಿಯಲ್ಲಿ ತುಸು ಮೇಲೆದ್ದು, ಬಲಬದಿಯಲ್ಲಿ ತಗ್ಗಿರಬೇಕು. ಪ್ರತಿಫಲಕದ ಒಂದೊಂದು ಬಾಗೂ ಆ ತಂತಿಯ ಗಾತ್ರಕ್ಕೆ, ಅದು ಕುಳಿತ ಜಾಗಕ್ಕೆ ಲೆಕ್ಕ ಹಾಕಿ ಮಾಡಿದುದು. ಎಲ್‌ಇಡಿಯ ಬೆಳಕು ಎರಡು ಬದಿಯ ಚಪ್ಪಟೆ ಚಿಪ್ಪುಗಳಿಂದ ಹೊರಡುತ್ತದೆ. ಗಾತ್ರವೂ ಬೇರೆ, ದಿಕ್ಕೂ ಬೇರೆ. ಪರಿಣಾಮವಾಗಿ ಬೆಳಕು ದೂರದ ರಸ್ತೆಯನ್ನು ಬಿಟ್ಟು ಮೇಲಕ್ಕೂ ಪಕ್ಕಕ್ಕೂ ಚೆದರುತ್ತದೆ. ಚಾಲಕನಿಗೆ ಕಾರಿನ ಮುಂದಿನ ಹತ್ತಿಪ್ಪತ್ತು ಅಡಿ ನೆಲ ಬೆಳ್ಳಗೆ ಬೆಳಗಿ, ‘ಬೆಳಕು ಹೆಚ್ಚಿತು’ ಎಂಬ ತೃಪ್ತಿಯಾಗುತ್ತದೆ. ಆದರೆ ಹತ್ತಿರದ ಹೊಳಪಿಗೆ ಒಗ್ಗಿದ ಕಣ್ಣು ದೂರದ ಕತ್ತಲೆಯನ್ನು ಮೊದಲಿಗಿಂತ ಕಡಿಮೆ ಕಾಣುತ್ತದೆ.

ಎದುರಿನವನ ಪಾಡು ಇನ್ನೂ ಕಷ್ಟದ್ದು. ಸಮಪ್ರಮಾಣದ ಹಳದಿ ಬೆಳಕಿಗಿಂತ ನೀಲಿ ಬೆರೆತ ಬೆಳಕು ಕಣ್ಣನ್ನು ಹೆಚ್ಚು ಚುಚ್ಚುತ್ತದೆ. ವಯಸ್ಸಾದವರ, ಅದರಲ್ಲಿಯೂ ಪೊರೆ ಬಂದವರ ಕಣ್ಣಿನೊಳಗೆ ಅದು ಚೆದರಿ ಮಂಜಿನ ತೆರೆ ಎಳೆದಂತಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತದೆ. ಕಣ್ಣು ಮೂರೇ ಸೆಕೆಂಡು ಕತ್ತಲುಗಟ್ಟಿದರೂ ಅದು 50 ಮೀಟರ್ ದೂರವನ್ನು ಕುರುಡಾಗಿ ಕ್ರಮಿಸಿರುತ್ತದೆ. ಆ 50 ಮೀಟರಿನೊಳಗೆ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲು ಇರಬಹುದು. ಬಸ್ಸಿಳಿದು ಹಾಡಿಯ ಕಡೆಗೆ ಸಾಲಾಗಿ ನಡೆಯುವ ಕೂಲಿ ಹೆಂಗಸರಿರಬಹುದು. ಕಾರಿನೊಳಗಿನವನು ತನ್ನ ಸುರಕ್ಷತೆಗೆಂದು ಹಾಕಿಸಿದ ದೀಪದ ಬೆಲೆಯನ್ನು, ಕಾರನ್ನೇ ಹತ್ತದವರು ತೆರುತ್ತಾರೆ.

ಕಾಡಿನ ಕಣ್ಣುಗಳು

ಕಾಡಂಚಿನಲ್ಲಿ ಎದುರಾಗುವುದು ಮನುಷ್ಯರ ಕಣ್ಣುಗಳು ಮಾತ್ರವಲ್ಲ. ಜಿಂಕೆ, ಕಾಟಿ, ಚಿರತೆಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದೆ. ಒಮ್ಮೆ ಒಳಹೊಕ್ಕ ಬೆಳಕನ್ನು ಅದು ಮತ್ತೊಮ್ಮೆ ಕಣ್ಣಿನ ಗ್ರಾಹಕಗಳ ಮೇಲೆ ಹಾಯಿಸುತ್ತದೆ. ರಾತ್ರಿಯಲ್ಲಿ ಅವುಗಳ ಕಣ್ಣು ಕೆಂಡದಂತೆ ಹೊಳೆಯಲು ಅದೇ ಕಾರಣ. ನಕ್ಷತ್ರಗಳ ಬೆಳಕಿನಲ್ಲಿಯೂ ಓಡಾಡಬಲ್ಲ ಇಂತಹ ಕಣ್ಣಿಗೆ ಹೆಡ್‌ಲೈಟಿನ ಹೊಡೆತ ಬಿದ್ದಾಗ ಪ್ರಾಣಿಗೆ ದಿಕ್ಕೇ ತೋಚುವುದಿಲ್ಲ. ಜಿಂಕೆಯು ರಸ್ತೆಯ ನಡುವೆ ಕಲ್ಲಿನಂತೆ ನಿಂತುಬಿಡುವುದು ಮೊಂಡುತನದಿಂದಲ್ಲ. ಮಬ್ಬಿನಲ್ಲಿ ಕೆಲಸ ಮಾಡುವ ಗ್ರಾಹಕಗಳು ಕೆಂಪು, ಹಳದಿಗಿಂತ ನೀಲಿ ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಆದುದರಿಂದ ನೀಲಿ ಬೆರೆತ ಬಿಳಿ ದೀಪವು ಇರುಳಿಗೆ ಹೊಂದಿಕೊಂಡ ಕಣ್ಣನ್ನು ಇನ್ನಷ್ಟು ಬಲವಾಗಿ ತಾಕುತ್ತದೆ.

ಚಿಕ್ಕ ಜೀವಿಗಳ ಲೆಕ್ಕವನ್ನೂ ಹಿಡಿಯಬೇಕು. ಹುಳುಹುಪ್ಪಟೆಗಳು ಹಳದಿ ಬೆಳಕಿಗಿಂತ ನೀಲಿ ಬೆರೆತ ಬಿಳಿ ಬೆಳಕಿಗೆ ಹೆಚ್ಚಾಗಿ ಮುತ್ತುತ್ತವೆ. ಮುಂಗಾರಿಗೆ ಮುನ್ನ ಗಂಡು ಮಿಂಚುಹುಳು ತನ್ನ ಬೆಳಕಿನ ಮಿಣುಕಿನಿಂದಲೇ ಹೆಣ್ಣನ್ನು ಕರೆಯುತ್ತದೆ. ಕೃತಕ ಬೆಳಕು ತುಂಬಿದೆಡೆ ಆ ಕರೆಯು ಕಾಣದೆ ಹೋಗುತ್ತದೆ. ಬಿಸಿ ಉಳಿದ ರಸ್ತೆಯ ಮೇಲೆ ಕೂರುವ ನತ್ತಿಂಗ ಹಕ್ಕಿ ದೀಪಕ್ಕೆ ಬೆರಗಾಗಿ ಚಕ್ರಕ್ಕೆ ಸಿಲುಕುತ್ತದೆ.

ಕಾಡಿನ ಒಳಗಿನ ರಸ್ತೆಗೆ ಕಾನೂನಿನ ರಕ್ಷಣೆ ದೊರೆತಿದೆ. ನಾಗರಹೊಳೆಯ ಮೂಲಕ ಹಾಯುವ ಮೈಸೂರು ಮಾನಂದವಾಡಿ ರಸ್ತೆಯಲ್ಲಿ 2008ರಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ನಿಷೇಧ ಬಂದಿತು. 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಗೇಟು ಮುಚ್ಚುವುದು ವಾಹನಕ್ಕೆ, ಆನೆಗಲ್ಲ. ಕತ್ತಲಾದೊಡನೆ ಆನೆ, ಹಂದಿ, ಜಿಂಕೆಗಳು ರಾಗಿ, ಜೋಳ, ಬಾಳೆಯ ವಾಸನೆ ಹಿಡಿದು ಗೇಟಿನಿಂದೀಚೆಗೆ ಬರುತ್ತವೆ. ನಿಷೇಧವಿಲ್ಲದ ಆ ಹಳ್ಳಿರಸ್ತೆಗಳಲ್ಲಿ ಕಾಡಿನ ಜೀವಕ್ಕೂ ಊರಿನ ಜೀವಕ್ಕೂ ಉಳಿದಿರುವ ಕಾವಲು ಎಂದರೆ ಚಾಲಕನ ವಿವೇಕವೊಂದೇ.

ಆನೆ ಎದುರಾದಾಗ ಹೈ ಬೀಮ್ ಹೊಡೆದು, ಹಾರನ್ ಊದಿ ಓಡಿಸಲು ನೋಡುವುದು ಅನಾಹುತಕ್ಕೆ ಆಹ್ವಾನ. ದೂರದಲ್ಲಿಯೇ ನಿಂತು, ದೀಪವನ್ನು ಡಿಮ್‌ಗೆ ಇಳಿಸಿ, ಅದು ದಾಟಿಹೋಗುವವರೆಗೆ ಕಾಯುವುದೇ ಕ್ಷೇಮ. ಮರಿಯಿದ್ದರೆ ಹಿಂದಕ್ಕೆ ಸರಿಯಬೇಕು.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೂ ಕೈಗೊಂಡರು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೆಯ ನಿಯಮವಂತೂ ಶಾಲೆಯ ಮಕ್ಕಳೂ ಟೇಪು ಹಿಡಿದು ಪರೀಕ್ಷಿಸಬಹುದಾದಷ್ಟು ಸ್ಪಷ್ಟವಾಗಿದೆ. ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ರಸ್ತೆಯಲ್ಲಿ ನಡೆದುಬರುವ ಸಾಧಾರಣ ಎತ್ತರದ ಮನುಷ್ಯನ ಕಣ್ಣಿನ ಮಟ್ಟ. ನಿಯಮವನ್ನು ಬರೆದವರು ನಡೆಯುವವನನ್ನು ಮರೆತಿರಲಿಲ್ಲ.

ಖರ್ಚಿಲ್ಲದ ದಾರಿಗಳು

ಹಾಗಾದರೆ ಮಂಕು ದೀಪವನ್ನು ಹೊಂದಿದವನು ಮಾಡಬೇಕಾದುದೇನು? ಬಲ್ಬಿಗೆ ಕೈಹಾಕುವ ಮುನ್ನ ಗಾಜನ್ನು ನೋಡಬೇಕು. ಈಗಿನ ಹೆಡ್‌ಲೈಟುಗಳ ಮುಚ್ಚಳವು ಗಾಜಲ್ಲ, ಪ್ಲಾಸ್ಟಿಕ್ಕು. ಬಿಸಿಲಿಗೆ ಹಳದಿಗಟ್ಟಿ ಮಬ್ಬಾಗುತ್ತದೆ. ಅದನ್ನು ಪಾಲಿಶ್ ಮಾಡಿಸಿದರೆ, ಕೆಸರು ಧೂಳನ್ನು ದಿನವೂ ಒರೆಸಿದರೆ, ಕಳೆದುಹೋದ ಬೆಳಕಿನಲ್ಲಿ ಬಹುಪಾಲು ಮರಳುತ್ತದೆ.

ಎರಡನೆಯದು ವೋಲ್ಟೇಜು. ಹ್ಯಾಲೊಜೆನ್ ಬಲ್ಬಿಗೆ ತಲಪುವ ವೋಲ್ಟೇಜು ನೂರಕ್ಕೆ ಹತ್ತರಷ್ಟು ಕುಸಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಕುಸಿಯುತ್ತದೆ. ತುಕ್ಕು ಹಿಡಿದ ಅರ್ಥ್ ಜೋಡಣೆ, ಸಡಿಲ ಹೋಲ್ಡರುಗಳನ್ನು ನಂಬಿಕಸ್ಥ ಎಲೆಕ್ಟ್ರಿಷಿಯನ್ನನಿಂದ ಸರಿಪಡಿಸಿಕೊಂಡರೆ ಹಳೆಯ ಬಲ್ಬೇ ಹೊಸದರಂತೆ ಬೆಳಗೀತು. ಬಲ್ಬಿನ ಗಾಜಿನೊಳಗೆ ಕಪ್ಪು ಕಟ್ಟಿದ್ದರೆ, ಅದೇ ವ್ಯಾಟಿನ ಒಳ್ಳೆಯ ಬಲ್ಬನ್ನು ಜೋಡಿಯಾಗಿ ಬದಲಿಸಬೇಕು. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡಿನಿಂದ ಅದು ಬೇಗ ಕೆಡುತ್ತದೆ.

ಮೂರನೆಯದು ದೀಪದ ದಿಕ್ಕು. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರನ್ನು ನಿಲ್ಲಿಸಿ, ಡಿಮ್ ಬೆಳಕಿನ ಮೇಲ್ಗೆರೆಯನ್ನು ನೋಡಬೇಕು. ಅನೇಕ ಕಾರುಗಳಲ್ಲಿ ಅದು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂ.ಮೀ. ತಗ್ಗಿನಲ್ಲಿರಬೇಕು. ಹಿಂದೆ ಶುಂಠಿ ಚೀಲ ಹೇರಿದರೆ ಕಾರಿನ ಮೂತಿ ಮೇಲೆದ್ದು, ಸರಿಯಾದ ದೀಪವೂ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆಂದೇ ಸ್ಟೀರಿಂಗ್ ಪಕ್ಕದಲ್ಲಿ ದೀಪ ತಗ್ಗಿಸುವ ಚಿಕ್ಕ ಗುಂಡಿ ಹಲವು ಕಾರುಗಳಲ್ಲಿದೆ. ಅದರ ಉಪಯೋಗವನ್ನು ಬಲ್ಲವರು ಕಡಿಮೆ.

ನಾಲ್ಕನೆಯದು ವೇಗ. 60 ಕಿ.ಮೀ. ವೇಗದಲ್ಲಿ, ಒಣ ರಸ್ತೆಯಲ್ಲಿ, ಚಾಲಕನು ಕಂಡು, ಎಚ್ಚೆತ್ತು, ಬ್ರೇಕ್ ಹಾಕಿ ನಿಲ್ಲಲು ಸುಮಾರು 45 ಮೀಟರ್ ಬೇಕು. 80ರಲ್ಲಿ ಸುಮಾರು 70 ಮೀಟರ್. ಕಪ್ಪು ಮೈಯ ಕಾಟಿಯೋ ಎಮ್ಮೆಯೋ ಡಿಮ್ ಬೆಳಕಿಗೆ ಅಷ್ಟು ದೂರದಿಂದ ಕಾಣದು. ಬಲ್ಬನ್ನು ಬದಲಿಸುವುದಕ್ಕಿಂತ ವೇಗವನ್ನು ಇಳಿಸುವುದು ಸುಲಭ. ಚಳಿಗಾಲದ ಮುಂಜಾನೆ ಹಿನ್ನೀರಿನ ಬದಿಗೆ ಮಂಜು ಕವಿದಾಗಲಂತೂ ಹೈ ಬೀಮ್ ಹಾಕಿದವನಿಗೆ ಕಾಣುವುದು ಬಿಳಿಯ ಗೋಡೆಯೊಂದೇ. ಫ್ರಾನ್ಸ್ ದೇಶದಲ್ಲಿ 1930ರ ದಶಕದಿಂದ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು. ಹಳದಿ ಬೆಳಕೆಂದರೆ ಹಿಂದುಳಿದವರ ಬೆಳಕೆಂಬ ಕೀಳರಿಮೆಗೆ ಆಧಾರವಿಲ್ಲ.

ಹೊಣೆಯು ಕಾರಿನವನದು ಮಾತ್ರವೂ ಅಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರ್ ಟ್ರೇಲರ್, ಸೈಕಲ್ಲುಗಳ ಹಿಂಬದಿಗೆ ಪ್ರತಿಫಲಿಸುವ ಕೆಂಪು ಪಟ್ಟಿಯನ್ನು ಅಂಟಿಸಿದರೆ ಹಳದಿ ಬಲ್ಬಿನ ಸಾಧಾರಣ ದೀಪಕ್ಕೂ ಅದು ದೂರದಿಂದ ಹೊಳೆದು ಕಾಣುತ್ತದೆ. ಇರುಳಿನಲ್ಲಿ ನಡೆಯುವವರು ಬಿಳಿಯ ಪಂಚೆಯನ್ನೋ ಟವೆಲನ್ನೋ ಹೊದ್ದು, ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯುವುದು ಲೇಸು.

ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಉಳಿದಿದೆ. 8 ಮೀಟರ್ ಹಗ್ಗ, ಒಂದೂವರೆ ಮೀಟರ್ ಕೋಲು, ಇಷ್ಟಿದ್ದರೆ ಸಾಕು. ಮೊದಲು ಮನೆಯ ಅಂಗಳದಲ್ಲಿ ನಿಂತ ಅಪ್ಪನ, ಮಾವನ, ಅಣ್ಣನ ವಾಹನಗಳ ದೀಪವನ್ನೇ ಅಳೆಯಿರಿ. ತಪ್ಪಿದ್ದರೆ ಜಗಳವಾಡದೆ, ಅವರನ್ನೇ ಆ ಕೋಲಿನ ಪಕ್ಕದಲ್ಲಿ ಒಂದು ನಿಮಿಷ ನಿಲ್ಲಿಸಿ. ತಮ್ಮ ದೀಪವನ್ನು ಎದುರಿನಿಂದ ನೋಡಿದ ಮೇಲೆ ಹೆಚ್ಚಿನವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.